ಕಡೆಯ ಸಾಲು ಎರಡು ಸಲ ಬಂದದ್ದು

ಕೇಳುಗರಿಗೆ ನಮಸ್ಕಾರ.

ಬಾನುಲಿಯಲ್ಲಿ ಕರಿಹಲಗೆ ಇಲ್ಲ. ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಡತದಿಂದ ಸಾಲು ಓದುವ ಮಾತು ಅಂದಮೇಲೆ ಕಾಗದ, ಪೆನ್ನು ಹಿಡಿದು ಕೂತರೆ ಒಳ್ಳೇದು.

ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ಕಾಕಾ ಒಬ್ಬರಿಗೆ ನಾನೊಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕಡತದಲ್ಲಿ ರೈತರಿಗೊಂದು ಸಾಲು: ಹೆಸರು, ತೂಕ. ಸಾಲು ಓದು, ತೂಕ ಕೂಡಿಸು, ಅಷ್ಟೇ. ಮನೆಯಲ್ಲಿ ಲೆಕ್ಕ ಸರಿ ಬಂತು. ಅಂಗಡಿಯಲ್ಲಿ ಕಾಕಾ ವಹಿ ತೆಗೆದು ತಾಳೆ ನೋಡಿ ನಕ್ಕರು: "ತಮ್ಮಾ, ನಿನ್ನ ಕಂಪ್ಯೂಟರ್ ಕಡೀ ರೈತನ್ನ ಎರಡ್ ಸಲ ತೂಗೈತಲ್ಲೋ!"

ತಪ್ಪು ನನ್ನದೇ. "ಕಡತ ಮುಗಿಯದಿರುವ ತನಕ ಓದು" ಅಂತ ಕಡತ ಮುಗಿಯಿತೇ ಅಂತ ಹೇಳುವ ಎಫ್ಇಓಎಫ್ ಅನ್ನು, ಷರತ್ತು ನಿಜವಿರುವ ತನಕ ಸುತ್ತು ಹಾಕಿಸುವ ವೈಲ್ ಒಳಗೆ ಕೂರಿಸಿದ್ದೆ. ಎಫ್ಇಓಎಫ್ ಮುಂದೇನಿದೆ ಅಂತ ಇಣುಕಿ ನೋಡುವುದಿಲ್ಲ. ಬಾವಿ ಬತ್ತಿದ್ದು ಕೊಡ ಇಳಿಬಿಟ್ಟ ಮೇಲೆ ತಾನೇ ತಿಳಿಯೋದು? ಹಾಗೆಯೇ, ಓದಲು ಹೋಗಿ ಬರಿಗೈಲಿ ಬಂದ ಮೇಲಷ್ಟೇ ಎಫ್ಇಓಎಫ್ ಹೌದು ಅನ್ನುತ್ತದೆ. ಆ ಬರಿಗೈ ಸುತ್ತಿನಲ್ಲಿ, ಸಾಲು ಓದಿಕೊಡುವ ಎಫ್‌ಗೆಟ್ಸ್ ಸಾಲು ಇಡಲು ನಾವು ಕೊಟ್ಟ ಜಾಗವನ್ನು ಮುಟ್ಟುವುದಿಲ್ಲ. ಹಳೆಯ ಸಾಲು ಅಲ್ಲೇ ಕೂತಿರುತ್ತದೆ, ನಾವು ಅದನ್ನೇ ಮತ್ತೆ ಕೂಡಿಸುತ್ತೇವೆ.

ಹಾಗಾದರೆ ಮನೆಯಲ್ಲಿ ಹೇಗೆ ಸರಿ ಬಂತು? ನನ್ನ ಪರೀಕ್ಷೆಯ ಕಡತದಲ್ಲಿ ಕಡೆಯ ಸಾಲಿಗೆ ಎಂಟರ್ ಒತ್ತಿರಲಿಲ್ಲ. ಆ ಸಾಲು ಓದುವಾಗಲೇ ಕಡತದ ತುದಿ ತಾಗಿತು, ಸುತ್ತು ನಿಂತಿತು. ಕಾಕಾ ಮಾತ್ರ ಶಿಸ್ತಿನವರು, ಪ್ರತಿ ಸಾಲಿಗೂ ಎಂಟರ್. ಮದ್ದು ಸರಳ: ಎಫ್‌ಗೆಟ್ಸ್ ಏನು ಮರಳಿಸಿತು ಅನ್ನುವುದನ್ನೇ ವೈಲ್‌ನ ಷರತ್ತು ಮಾಡಿ, ನಲ್, ಅಂದರೆ ಏನೂ ಸಿಗಲಿಲ್ಲ ಅನ್ನುವ ಉತ್ತರ, ಬಂದರೆ ನಿಲ್ಲಿಸಿ.

ಇನ್ನು ಅಳತೆಯ ಮಾತು. ಎಫ್‌ಗೆಟ್ಸ್‌ಗೆ ಜಾಗ 20 ಬೈಟ್ ಅಂತ ಹೇಳಿದರೆ ಅದು 19 ತುಂಬಿ, ಉಳಿದೊಂದನ್ನು ಅಕ್ಷರ ಇಲ್ಲಿಗೆ ಮುಗಿದವು ಅಂತ ಹೇಳುವ ಸೊನ್ನೆಗೆ ಇಡುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಮೂಲಾಕ್ಷರಕ್ಕೆ 3 ಬೈಟ್, ಗುಣಿತದ ಚಿಹ್ನೆಗೂ 3. ಸಾಲಿನಲ್ಲಿ ಬರೀ ಊರ ಹೆಸರಿದೆ ಅನ್ನಿ: ಬಾದಾಮಿ 18 ಬೈಟ್. ಎಂಟರ್ ಸೇರಿ 19, ಕರಾರುವಾಕ್ಕಾಗಿ ಹಿಡಿಯಿತು. ವಿಜಯಪುರ 21. ಕೊನೆಯ 'ರ' ಸೀಳಿ, ಒಂದು ಬೈಟ್ ಈ ಸಲ, ಎರಡು ಬೈಟ್ ಮುಂದಿನ ಸಲ! ತೆರೆಯ ಮೇಲೆ ಬರೀ ಕಸ. ಕೈಗೆ ಬಂದದ್ದರ ಕೊನೆಗೆ ಎಂಟರ್ ಇಲ್ಲದಿದ್ದರೆ ಸಾಲು ತುಂಡಾಗಿದೆ, ಇಲ್ಲವೇ ಕಡತದ ಕಡೆಯ ಸಾಲು. ಎರಡರಲ್ಲಿ ಯಾವುದು ಅಂತ ಕೇಳುವುದಕ್ಕೆ ಎಫ್ಇಓಎಫ್ ಬೇಕು. ಅದರ ನಿಜವಾದ ಜಾಗ ಇದು.

ಅಳತೆಯನ್ನೇ ಕೇಳದ ಗೆಟ್ಸ್ ಅಂತ ಒಂದಿತ್ತು. 1988ರಲ್ಲಿ ಇಂಟರ್ನೆಟ್ಟಿನಲ್ಲಿ ತಾನೇ ತಾನಾಗಿ ಹರಡಿದ ಮೋರಿಸ್ ವರ್ಮ್ ಅನ್ನುವ ಪ್ರೋಗ್ರಾಂ ಕಂಪ್ಯೂಟರುಗಳಿಗೆ ನುಗ್ಗಿದ ದಾರಿಗಳಲ್ಲಿ ಅದೂ ಒಂದು: 512 ಬೈಟ್ ಜಾಗಕ್ಕೆ ಅದಕ್ಕಿಂತ ಹೆಚ್ಚು ಸುರಿಯಿತು. 2011ರ ಸಿ ಮಾನಕದಿಂದ ಗೆಟ್ಸ್ ಅನ್ನು ತೆಗೆದೇಹಾಕಿದರು. ಹಳೇ ಪುಸ್ತಕ ನೋಡಿ ಅದನ್ನು ಈಗಲೂ ಬರೆಯುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಸುಳ್ಳೇಕೆ.

ಸಾಲಿನ ಉದ್ದ ಗೊತ್ತಿಲ್ಲದಾಗ ಲಿನಕ್ಸ್‌ನಲ್ಲಿ ಗೆಟ್‌ಲೈನ್ ಇದೆ. ಜಾಗ ಸಾಲದಿದ್ದರೆ ತಾನೇ ಹಿಗ್ಗಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಆ ಜಾಗವನ್ನು ಫ್ರೀ ಮಾಡುವುದು, ಅಂದರೆ ಮರಳಿ ಬಿಟ್ಟುಕೊಡುವುದು, ನಮ್ಮ ಹೊಣೆ. ಕಾಕಾರ ಪ್ರೋಗ್ರಾಮಿಗೆ ಈಗ ಅದನ್ನೇ ಹಾಕಿದ್ದೇನೆ. ಕಾಕಾ ಮಾತ್ರ ಕಡೆಯ ರೈತನ ತೂಕವನ್ನು ಇವತ್ತಿಗೂ ಬೆರಳೆಣಿಸಿ ನೋಡುತ್ತಾರೆ.

ನಮಸ್ಕಾರ.