ಟೈಮರ್ ಸೊನ್ನೆ ತೋರಿಸಿದ ದಿನ: ಕ್ರೋಮ್‌ನ ಹಳೇ ಎಕ್ಸ್‌ಟೆನ್ಷನ್‌ಗಳ ಬಗ್ಗೆ

ನಮಸ್ಕಾರ. ಕ್ರೋಮ್ ಎಕ್ಸ್‌ಟೆನ್ಷನ್‌ಗಳನ್ನು (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳನ್ನು) ಬರೆಯುವ ಹಳೇ ಪದ್ಧತಿ, ಅಂದರೆ ಮ್ಯಾನಿಫೆಸ್ಟ್ ವಿ2, 2025ರಲ್ಲಿ ಕ್ರೋಮ್ 138ರ ಜೊತೆಗೇ ಮುಗಿಯಿತು. 139ರಲ್ಲಿ ಅದನ್ನು ಓಡಿಸುವ ದಾರಿಯೇ ಇಲ್ಲ. ಈಗ ಅದರ ಜಾಗದಲ್ಲಿ ಇರುವುದು ವಿ3.

ಇದು ದಿಢೀರ್ ಅಂತ ಆದದ್ದಲ್ಲ. 2022ರ ಜನವರಿಯಲ್ಲೇ ಎಕ್ಸ್‌ಟೆನ್ಷನ್‌ಗಳು ಸಿಗುವ ಕ್ರೋಮ್ ವೆಬ್ ಸ್ಟೋರ್ ಹೊಸ ವಿ2 ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು. ಗೂಗಲ್‌ನವರು 2023ಕ್ಕೆ ಎಲ್ಲಾ ಬಂದ್ ಅಂದರು, ಮುಂದಕ್ಕೆ ಹಾಕಿದರು. ಎಚ್ಚರಿಕೆ ಕಾಣಿಸಲು ಶುರುವಾದದ್ದು 2024ರ ಜೂನ್‌ನಲ್ಲಿ. ಕಂಪನಿಗಳಿಗೆ ಇನ್ನೂ ಒಂದು ವರ್ಷ ಜಾಸ್ತಿ ಕೊಟ್ಟರು. ಇದು ಉಪಕಾರ ಅಂತ ಎಷ್ಟೋ ಜನ ಅಂದುಕೊಂಡರು. ನನ್ನ ಪ್ರಕಾರ ಇದರಿಂದ ಹಾಳಾದದ್ದೇ ಜಾಸ್ತಿ. "ಬಿಡಿ, ಮತ್ತೆ ಮುಂದಕ್ಕೆ ಹೋಗುತ್ತೆ" ಅನ್ನುವ ಅಭ್ಯಾಸ ಬಿದ್ದುಹೋಯಿತು.

ನಾನು ಆಗ ಇದ್ದ ಆಫೀಸಿನಲ್ಲಿ ಒಂದು ಪುಟ್ಟ ಎಕ್ಸ್‌ಟೆನ್ಷನ್ ಇತ್ತು. ಒಂದೊಂದು ಟಿಕೆಟ್‌ಗೆ, ಅಂದರೆ ದಾಖಲಾದ ಕೆಲಸಕ್ಕೆ, ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಇಡುತ್ತಿತ್ತು. ಬರೆದವರು ಕೆಲಸ ಬಿಟ್ಟು ವರ್ಷಗಳಾಗಿದ್ದವು. ಕೊನೇ ವಾರದಲ್ಲಿ ಕೂತು, ಮ್ಯಾನಿಫೆಸ್ಟ್ ಫೈಲ್‌ನಲ್ಲಿ 2 ತೆಗೆದು 3 ಹಾಕಿ, ತೆರೆಮರೆಯಲ್ಲಿ ಕೆಲಸ ಮಾಡುವ ಬ್ಯಾಕ್‌ಗ್ರೌಂಡ್ ಪೇಜ್ ಇದ್ದ ಕಡೆ ಅದರ ಹೊಸ ಬದಲಿ ಸರ್ವಿಸ್ ವರ್ಕರ್ ಅಂತ ಬರೆದೆವು. ನಮ್ಮ ಮುಂದೆ ಚೆನ್ನಾಗಿಯೇ ಓಡಿತು. ಮಾರನೇ ದಿನ ಒಬ್ಬರು ಫೋನ್ ಮಾತು ಮುಗಿಸಿ ಸ್ಕ್ರೀನ್ ನೋಡಿದರೆ ಟೈಮರ್ ಸೊನ್ನೆ!

ಹಳೇ ಬ್ಯಾಕ್‌ಗ್ರೌಂಡ್ ಪೇಜ್ ಬ್ರೌಸರ್ ತೆರೆದಿರುವಷ್ಟೂ ಹೊತ್ತು ಎದ್ದೇ ಇರುತ್ತಿತ್ತು. ಸರ್ವಿಸ್ ವರ್ಕರ್ ಹಾಗಲ್ಲ. 30 ಸೆಕೆಂಡ್ ಕೆಲಸ ಇಲ್ಲದಿದ್ದರೆ ಮಲಗಿಬಿಡುತ್ತದೆ, ವೇರಿಯಬಲ್‌ನಲ್ಲಿ, ಅಂದರೆ ತಾತ್ಕಾಲಿಕ ನೆನಪಿನಲ್ಲಿ, ಇಟ್ಟದ್ದೆಲ್ಲ ಹೋಗುತ್ತದೆ. ನಮಗೆ ಯಾಕೆ ಗೊತ್ತಾಗಲಿಲ್ಲ? ನಾವು ಕೋಡ್ ಪರೀಕ್ಷಿಸುವ ಡೆವ್‌ಟೂಲ್ಸ್ ತೆರೆದಿಟ್ಟುಕೊಂಡು ವರ್ಕರ್ ಅನ್ನೇ ನೋಡುತ್ತಿದ್ದೆವು. ಅದು ತೆರೆದಿದ್ದರೆ ವರ್ಕರ್ ಮಲಗುವುದೇ ಇಲ್ಲ! ಶುರುವಾದ ಸಮಯವನ್ನು ಸ್ಟೋರೇಜ್‌ಗೆ ಬರೆದಿಟ್ಟ ಮೇಲೆ ಸರಿಹೋಯಿತು. ಒಂದು ವರ್ಷ ಕೈಯಲ್ಲಿತ್ತು, ನಾವು ಬಳಸಿದ್ದು ಒಂದು ವಾರ.

ಜಾಹೀರಾತು ತಡೆಯುವವುಗಳಿಗೆ ಬಿದ್ದ ಪೆಟ್ಟು ಇನ್ನೂ ದೊಡ್ಡದು. ಮೊದಲು ಪುಟ ಕಳಿಸುವ ಪ್ರತಿ ರಿಕ್ವೆಸ್ಟ್ ಅನ್ನೂ ಎಕ್ಸ್‌ಟೆನ್ಷನ್ ತಾನೇ ನೋಡಿ ತಡೆಯುತ್ತಿತ್ತು. ಈಗ ನಿಯಮಗಳ ಪಟ್ಟಿ ಮೊದಲೇ ಕೊಡಬೇಕು, ತಡೆಯುವುದು ಬ್ರೌಸರ್. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಪೂರ್ತಿಯಾಗಿ ಬೇಕು ಅಂದರೆ ಫೈರ್‌ಫಾಕ್ಸ್ ಬ್ರೌಸರ್‌ಗೆ ಹೋಗಿ. ಅಲ್ಲಿ ಹಳೇ ಪದ್ಧತಿಯನ್ನೂ ಉಳಿಸಿಕೊಂಡಿದ್ದಾರೆ, ಅದು ನನಗೆ ತುಂಬಾ ಖುಷಿ.

ಇನ್ನು, ಅಪ್‌ಡೇಟ್ ನಿಲ್ಲಿಸಿ 138ರಲ್ಲೇ ಉಳಿದವರಿದ್ದಾರೆ. ದಯವಿಟ್ಟು ಬೇಡ. ಸೆಕ್ಯುರಿಟಿ ಅಪ್‌ಡೇಟ್ ಕೂಡ ನಿಂತುಹೋಗುತ್ತದೆ. ಅದರ ಬದಲು ನಿಮ್ಮ ಆಫೀಸಿನ ಎಕ್ಸ್‌ಟೆನ್ಷನ್‌ನ ಕೋಡ್ ಯಾರ ಹತ್ತಿರ ಇದೆ ಅಂತ ನಾಳೆಯೇ ಕೇಳಿ. ನಮಗೆ ಅದು ಸಿಕ್ಕಿದ್ದು ಸ್ಟೋರ್ ರೂಮಿನ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿ.