ಮಂಡಕಳ್ಳಿಯ 1740 ಮೀಟರ್

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣವನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿಸುತ್ತೇವೆ ಅನ್ನೋ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಚುನಾವಣೆ ಬಂದಾಗ ಕೇಳಿದ್ದೇವೆ, ದಸರಾ ಹತ್ತಿರವಾದಾಗ ಕೇಳಿದ್ದೇವೆ. ನಂಜನಗೂಡು ರಸ್ತೆಯಲ್ಲಿ ಸೈಟು ಮಾರುವವರ ಬಾಯಲ್ಲಂತೂ ಆ ಕೆಲಸ ಆಗಿಯೇ ಹೋಗಿದೆ. ‘ಏರ್‌ಪೋರ್ಟಿಗೆ ಐದೇ ನಿಮಿಷ ಸಾರ್’ ಅಂತಾರೆ. ಐದು ನಿಮಿಷದಲ್ಲಿ ಅಲ್ಲಿಗೆ ಹೋಗಿ ಯಾವ ವಿಮಾನ ಹತ್ತಬೇಕು ಅಂತ ಮಾತ್ರ ಹೇಳುವುದಿಲ್ಲ.

ಆ ಪ್ರಶ್ನೆಯನ್ನೇ ಇವತ್ತು ಸ್ವಲ್ಪ ಬಿಡಿಸಿ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹೊಸ ಕಟ್ಟಡ, ದೊಡ್ಡ ಬೋರ್ಡು, ಯಾರ ಹೆಸರು ಇಡಬೇಕು ಅನ್ನೋ ಜಗಳ, ಇವೆಲ್ಲ ಆಮೇಲಿನ ಮಾತು. ಮಂಡಕಳ್ಳಿಯ ಕತೆ ಪೂರ್ತಿ ನಿಂತಿರೋದು ರನ್‌ವೇ ಉದ್ದದ ಮೇಲೆ. ಈ ನಿಲ್ದಾಣ ಕಟ್ಟಿದ ಲೆಕ್ಕದ ರನ್‌ವೇ 1740 ಮೀಟರ್ ಉದ್ದ, 30 ಮೀಟರ್ ಅಗಲ. ಒಂದೂಮುಕ್ಕಾಲು ಕಿಲೋಮೀಟರಿಗೂ ಒಂದು ಚೂರು ಕಡಿಮೆ.

ಇದರಲ್ಲಿ ಇಳಿಯೋದು ಎಟಿಆರ್ ವಿಮಾನ. ನೀವು ಅದನ್ನು ಹತ್ತಿದ್ದರೆ ನೆನಪಿರುತ್ತೆ. ಟರ್ಮಿನಲ್‌ನಿಂದ ಹೊರಗೆ ಬಂದು, ಬಿಸಿಲಲ್ಲಿ ಕಾಂಕ್ರೀಟಿನ ಮೇಲೆ ನಡೆದುಕೊಂಡೇ ವಿಮಾನದ ಹತ್ತಿರ ಹೋಗಬೇಕು. ರೆಕ್ಕೆ ಮೇಲುಗಡೆ, ಎರಡೂ ಕಡೆ ತಿರುಗುವ ಫ್ಯಾನು. ಜನ ಹತ್ತುವ ಬಾಗಿಲು ಹಿಂದುಗಡೆ ಬಾಲದ ಹತ್ತಿರ. ಲಗೇಜು ತುಂಬುವ ದೊಡ್ಡ ಬಾಗಿಲು ಮುಂದುಗಡೆ. ಹೊಸಬರು ಸೀದಾ ಮುಂದಿನ ಬಾಗಿಲಿನ ಕಡೆ ನಡೆದು, ಸಿಬ್ಬಂದಿ ಕೈಸನ್ನೆ ಮಾಡಿ ವಾಪಸ್ ಕರೆಯೋದು ಉಂಟು. ಸೀಟು ಎಪ್ಪತ್ತರ ಆಸುಪಾಸು. ಪಾಪ, ಒಳ್ಳೆಯ ವಿಮಾನ. ಸಣ್ಣ ರನ್‌ವೇ ಸಾಕು, ಕಡಿಮೆ ಇಂಧನ ಕುಡಿಯುತ್ತೆ. ಆದರೆ ಗಂಟೆಗೆ ಐನೂರು ಕಿಲೋಮೀಟರ್ ಆಸುಪಾಸಿನಲ್ಲಿ ಹೋಗುವ ಇದನ್ನು ನಂಬಿ ದೆಹಲಿಗೆ ಹೊರಡೋಕಾಗಲ್ಲ. ದುಬೈ ಮಾತಂತೂ ಬಿಡಿ.

ದೂರ ಹೋಗಬೇಕಾದರೆ ಏರ್‌ಬಸ್ 320, ಬೋಯಿಂಗ್ 737 ಥರದ ಜೆಟ್ ಬೇಕು. ಅವು ನೂರೈವತ್ತು, ನೂರ ಎಂಬತ್ತು ಜನರನ್ನು, ಅವರ ಲಗೇಜನ್ನು, ಟನ್ನುಗಟ್ಟಲೆ ಇಂಧನವನ್ನು ಹೊತ್ತು ಏಳಬೇಕು. ಇಲ್ಲಿ ಮೈಸೂರಿನ ಹವೆಯೂ ನಮ್ಮ ಎದುರಿಗೆ ನಿಲ್ಲುತ್ತೆ. ಮಂಡಕಳ್ಳಿ ಸಮುದ್ರ ಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಎತ್ತರ ಹೋದ ಹಾಗೆ ಗಾಳಿ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ನಿಗೂ ಕಸುವು ಕಡಿಮೆ. ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇಯನ್ನು ನೂರಕ್ಕೆ ಏಳರಷ್ಟು ಉದ್ದ ಮಾಡಬೇಕು ಅನ್ನೋದು ಎಂಜಿನಿಯರುಗಳ ಲೆಕ್ಕ. ಅಂದರೆ ಎತ್ತರ ಒಂದಕ್ಕೇ ಸುಮಾರು ನೂರಕ್ಕೆ ಹದಿನೇಳು. ಇದರ ಮೇಲೆ ಬಿಸಿಲು. ಆ ಎತ್ತರಕ್ಕೆ ಇರಬೇಕಾದ ಉಷ್ಣಾಂಶಕ್ಕಿಂತ ಜಾಸ್ತಿ ಇರುವ ಒಂದೊಂದು ಡಿಗ್ರಿಗೂ ಇನ್ನೊಂದು ಪರ್ಸೆಂಟ್. ನಮ್ಮ ಏಪ್ರಿಲ್ ಮಧ್ಯಾಹ್ನ ನೆನಪಿಸಿಕೊಳ್ಳಿ. ಎರಡೂ ಸೇರಿದರೆ, ಸಮುದ್ರದ ಪಕ್ಕದಲ್ಲಿ ಒಂದು ವಿಮಾನಕ್ಕೆ ಎಷ್ಟು ಉದ್ದ ಸಾಕೋ ಇಲ್ಲಿ ಅದರ ಹತ್ತಿರ ಹತ್ತಿರ ಒಂದೂವರೆಯಷ್ಟು ಬೇಕಾಗುತ್ತೆ.

ಉದ್ದ ಕಡಿಮೆ ಇದ್ದರೂ ಜೆಟ್ ಇಳಿಸಬಹುದಲ್ವಾ ಅಂತ ಕೆಲವರು ಕೇಳ್ತಾರೆ. ಹಗುರಾಗಿ ಬಂದರೆ ಇಳಿಯಬಹುದು, ಹಗುರಾಗಿಯೇ ಏಳಲೂಬಹುದು. ಹಗುರಾಗಿ ಅಂದರೆ ಅರ್ಧ ಸೀಟು ಖಾಲಿ, ಅರ್ಧ ಟ್ಯಾಂಕ್ ಇಂಧನ. ಅಂಥ ವಿಮಾನ ಓಡಿಸಿ ಯಾವ ಕಂಪನಿಯೂ ಬದುಕೋದಿಲ್ಲ. ವಿಸ್ತರಣೆಯ ಯೋಜನೆ ರನ್‌ವೇಯನ್ನು 2750 ಮೀಟರಿಗೆ ಒಯ್ಯಬೇಕು ಅಂತ ಹೇಳೋದು ಈ ಲೆಕ್ಕದಿಂದಲೇ. ಅಗಲ ಕೂಡ 45 ಮೀಟರ್ ಆಗಬೇಕು.

ಈಗ ಹಳೆಯ ಕತೆ ಸ್ವಲ್ಪ. ಮಂಡಕಳ್ಳಿಯಲ್ಲಿ ವಿಮಾನ ಇಳಿಸುವ ಮೈದಾನ ಮಾಡಿದ್ದು ಮಹಾರಾಜರ ಕಾಲದಲ್ಲಿ, 1940ರಲ್ಲಿ. ಎಂಬತ್ತರ ದಶಕದಲ್ಲಿ ವಾಯುದೂತ್ ಅನ್ನೋ ಸರ್ಕಾರಿ ಕಂಪನಿಯ ವಿಮಾನ ಕೆಲವು ವರ್ಷ ಬೆಂಗಳೂರಿಗೆ ಓಡಾಡಿ ನಿಂತಿತು. ಆಮೇಲೆ ಬಹಳ ಕಾಲ ಏನೂ ಇಲ್ಲ. ಈಗಿನ ಟರ್ಮಿನಲ್ 2010ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ಅದೇ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಹಾರಾಟ ಶುರು ಮಾಡಿತು. ಮರುವರ್ಷವೇ ಬಿಟ್ಟಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಹೋಯಿತು. 2017ರಲ್ಲಿ, ಸಣ್ಣ ಊರುಗಳಿಗೂ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ, ಟ್ರೂಜೆಟ್ ಚೆನ್ನೈಗೆ. 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರು, ಹೈದರಾಬಾದ್, ಕೊಚ್ಚಿ, ಗೋವಾ ಕಡೆಗೆ. ಆಮೇಲೆ ಇಂಡಿಗೋ. ಒಬ್ಬರು ಬಂದರೆ ಪೇಪರಿನಲ್ಲಿ ದೊಡ್ಡ ಫೋಟೋ, ಹೋದರೆ ಒಳಪುಟದಲ್ಲಿ ನಾಲ್ಕು ಸಾಲು.

ಯಾಕೆ ಹೀಗೆ? ಉಡಾನ್‌ನಲ್ಲಿ ಸುಮಾರು ಒಂದು ಗಂಟೆ ಹಾರಾಟಕ್ಕೆ 2500 ರೂಪಾಯಿ ಅಂತ ಕೆಲವು ಸೀಟುಗಳ ದರಕ್ಕೆ ಮಿತಿ ಹಾಕಿ ಶುರು ಮಾಡಿದ್ದರು. ಅದರಿಂದ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತಿತ್ತು. ಆದರೆ ಆ ಸಹಾಯ ಮೂರು ವರ್ಷ ಮಾತ್ರ. ಅಷ್ಟರಲ್ಲಿ ಮಾರ್ಗ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಮೈಸೂರು–ಬೆಂಗಳೂರು ಮಾರ್ಗ ನಿಲ್ಲುವ ಮಾರ್ಗವೇ ಅಲ್ಲ ಅನ್ನೋದು ನನ್ನ ಮಾತು. ವಿಮಾನ ಆಕಾಶದಲ್ಲಿರೋದು ಮುಕ್ಕಾಲು ಗಂಟೆ. ಅದಕ್ಕೆ ಒಂದೂವರೆ ಗಂಟೆ ಮೊದಲೇ ಮನೆ ಬಿಡಬೇಕು, ಆ ಕಡೆ ಇಳಿದ ಮೇಲೆ ಊರೊಳಗೆ ಬರಲು ಇನ್ನೊಂದು ಗಂಟೆ. ಈ ಕಡೆ ನೋಡಿದರೆ 2022ರ ನವೆಂಬರಿನಲ್ಲಿ ವಂದೇ ಭಾರತ್ ಬಂತು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ನಮ್ಮ ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲೇ ಆಯಿತು. ಬೆಳಗ್ಗೆ ಮಂಡ್ಯದಲ್ಲಿ ಇಡ್ಲಿ ತಿಂದು ಹೊರಟರೆ ಕೆಂಗೇರಿಗೆ ಬರೋದು ಒಂದು ಲೆಕ್ಕವೇ ಅಲ್ಲ.

ಕೆಂಗೇರಿಯಿಂದ ಮುಂದೆ ಇದೆ ನೋಡಿ ನಿಜವಾದ ಕಷ್ಟ. ನಾವಿರೋದು ಬೆಂಗಳೂರಿನ ನೈರುತ್ಯಕ್ಕೆ. ವಿಮಾನ ನಿಲ್ದಾಣ ಇರೋದು ಉತ್ತರಕ್ಕೆ, ದೇವನಹಳ್ಳಿಯಲ್ಲಿ. ನಡುವೆ ಇಡೀ ಬೆಂಗಳೂರು ಬಿದ್ದಿದೆ. ಮೈಸೂರಿನಿಂದ ಅಲ್ಲಿಗೆ ಸುಮಾರು 180 ಕಿಲೋಮೀಟರ್. ಕೆಎಸ್‌ಆರ್‌ಟಿಸಿಯ ಫ್ಲೈಬಸ್ಸಿನಲ್ಲಿ ಆರಾಮಾಗಿ ಕೂತು ಹೋಗಬಹುದು, ಆದರೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತೆ. ಹೆಬ್ಬಾಳದಲ್ಲಿ ಮಳೆ ಬಂದರೆ ಇನ್ನೂ ಜಾಸ್ತಿ. ಬೆಳಗಿನ ಜಾವದ ದೆಹಲಿ ವಿಮಾನ ಹಿಡಿಯಬೇಕಾದರೆ ರಾತ್ರಿಯೇ ಹೊರಡಬೇಕು. ದೆಹಲಿಗೆ ಹಾರುವ ಹೊತ್ತಿಗಿಂತ ದೇವನಹಳ್ಳಿಗೆ ಹೋಗುವ ಹೊತ್ತೇ ಜಾಸ್ತಿ ಅಂದರೆ ಏನು ಹೇಳೋದು.

ಆದ್ದರಿಂದ ಮೈಸೂರಿಗೆ ಬೇಕಿರೋದು ಬೆಂಗಳೂರಿಗೆ ವಿಮಾನ ಅಲ್ಲ. ಬೆಂಗಳೂರನ್ನು ದಾಟದೆ ಹೋಗುವ ವಿಮಾನ. ದೆಹಲಿಗೆ, ಮುಂಬೈಗೆ, ಆಮೇಲೆ ಗಲ್ಫ್ ದೇಶಗಳಿಗೆ.

ಜನ ಎಲ್ಲಿದ್ದಾರೆ ಅಂತ ಕೇಳುವವರೂ ಇದ್ದಾರೆ. ಸುತ್ತ ನೋಡಿ ಸ್ವಾಮಿ. ಇನ್ಫೋಸಿಸ್ ತರಬೇತಿ ಕೇಂದ್ರಕ್ಕೆ ದೇಶದ ಮೂಲೆಮೂಲೆಯ ಹುಡುಗರು ಬರ್ತಾರೆ. ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇದೆ, ನೂರು ವರ್ಷ ದಾಟಿದ ವಿಶ್ವವಿದ್ಯಾನಿಲಯ ಇದೆ. ಗೋಕುಲಂನಲ್ಲಿ ಯೋಗ ಕಲಿಯಲು ಬಂದ ವಿದೇಶಿಯರು ಚಾಪೆ ಹೆಗಲಿಗೇರಿಸಿ ಎಳನೀರು ಕುಡಿಯುತ್ತಾ ನಿಂತಿರುವುದನ್ನು ಯಾವ ಬೆಳಗ್ಗೆಯಾದರೂ ನೋಡಬಹುದು. ಬೈಲಕುಪ್ಪೆಯ ಟಿಬೆಟನ್ನರಿಗೆ ದೆಹಲಿ, ಧರ್ಮಶಾಲಾ, ಬೋಧಗಯಾ ಅಂತ ಓಡಾಟ ಇದ್ದೇ ಇರುತ್ತೆ. ಅವರಿಗೆ ಮಂಡಕಳ್ಳಿ ಸಿಕ್ಕರೆ ಎಷ್ಟು ಹಗುರ! ನಂಜನಗೂಡು, ತಾಂಡ್ಯ, ಕಡಕೊಳದ ಕಾರ್ಖಾನೆಗಳು ನಿಲ್ದಾಣದ ದಾರಿಯಲ್ಲೇ ಇವೆ. ಚಾಮರಾಜನಗರ, ವಯನಾಡು, ಊಟಿ ಎಲ್ಲ ಈ ಕಡೆಗೇ. ಕೊಡಗಿನ ದಕ್ಷಿಣದವರು ಮಾತ್ರ ಈಗಾಗಲೇ ಘಟ್ಟ ಇಳಿದು ಕಣ್ಣೂರಿಗೆ ಹೋಗೋದನ್ನು ಕಲಿತಿದ್ದಾರೆ. ಕಣ್ಣೂರು ನಿಲ್ದಾಣ 2018ರ ಡಿಸೆಂಬರಿನಲ್ಲಿ ಶುರುವಾಯಿತು, ರನ್‌ವೇ 3050 ಮೀಟರ್. ನಾವು ಮಾತಾಡ್ತಾ ಕೂತಿದ್ದಾಗ ಅವರು ಕಟ್ಟಿದರು. ಅಷ್ಟು ದೂರ ಯಾಕೆ, ನಮ್ಮದೇ ಶಿವಮೊಗ್ಗದಲ್ಲಿ 2023ರಲ್ಲಿ ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಉದ್ಘಾಟನೆ ಆಯಿತು.

ಸರಕು ಸಾಗಣೆ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹುಷಾರಾಗಿ ಮಾತಾಡ್ತೀನಿ. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ ಎಲ್ಲ ವಿಮಾನ ಹತ್ತಿ ದುಬೈಗೆ ಹೋಗುತ್ತೆ ಅಂತ ಭಾಷಣದಲ್ಲಿ ಹೇಳ್ತಾರೆ. ರಸಬಾಳೆ ಸೊರಗು ರೋಗಕ್ಕೆ ಸಿಕ್ಕಿ ನಂಜನಗೂಡಿನವರಿಗೇ ಸಿಗೋದು ಕಷ್ಟವಾಗಿದೆ. ಮೊದಲು ತೋಟದಲ್ಲಿ ಬೆಳೀಲಿ, ಆಮೇಲೆ ವಿಮಾನ. ಮಲ್ಲಿಗೆ, ಎಲೆ, ತರಕಾರಿ, ರೇಷ್ಮೆ ಬಟ್ಟೆಗೆ ಅವಕಾಶ ಖಂಡಿತ ಇದೆ. ಜೆಟ್ಟಿನ ಹೊಟ್ಟೆಯಲ್ಲಿ ಪ್ರಯಾಣಿಕರ ಲಗೇಜು ತುಂಬಿ ಉಳಿದ ಜಾಗದಲ್ಲೇ ಇವೆಲ್ಲ ಹೋಗಬೇಕು. ಅಂದರೆ ಮತ್ತೆ ಜೆಟ್ ಬರಬೇಕು, ಮತ್ತೆ ರನ್‌ವೇಗೇ ಬಂದು ನಿಂತೆವು.

ಸರಿ, ಉದ್ದ ಮಾಡೋಕೆ ಏನು ಅಡ್ಡಿ? ನಂಜನಗೂಡಿಗೆ ಬಸ್ಸಿನಲ್ಲಿ ಹೋಗುವವರು ದಿನಾ ನೋಡ್ತಾರೆ. ಒಂದು ಕಡೆ ಊಟಿ ರಸ್ತೆ, ಅಂದರೆ ಈಗಿನ 766ನೇ ರಾಷ್ಟ್ರೀಯ ಹೆದ್ದಾರಿ. ಜೊತೆಗೆ ಚಾಮರಾಜನಗರದ ರೈಲು ಹಳಿ. ಸುತ್ತ ಹೊಲ, ತೋಟ, ಊರು. ಡಾಂಬರು ಹಾಕಿದಷ್ಟೇ ರನ್‌ವೇ ಅಂದುಕೊಳ್ಳಬೇಡಿ. ಎರಡೂ ತುದಿಯಲ್ಲಿ ಇನ್ನೂರು ಮುನ್ನೂರು ಮೀಟರ್ ಸಮತಟ್ಟಾದ ಖಾಲಿ ಜಾಗ ಬಿಡಬೇಕು. ವಿಮಾನ ಅಕಸ್ಮಾತ್ ಗೆರೆ ದಾಟಿದರೆ ನಿಲ್ಲಲು ಅದು ಬೇಕು. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತ ಮೇಲೆ ಇದರ ಬೆಲೆ ಏನು ಅಂತ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರಾಚೆಗೂ ವಿಮಾನ ಇಳಿದು ಬರುವ ದಾರಿಯಲ್ಲಿ ಕಟ್ಟಡ, ಟವರು ಇಷ್ಟೇ ಎತ್ತರ ಇರಬೇಕು ಅಂತ ಮಿತಿ ಇದೆ. ಐದು ನಿಮಿಷದ ದೂರದಲ್ಲಿ ಸೈಟು ತಗೊಂಡವರು ನಾಲ್ಕು ಮಹಡಿ ಎತ್ತುವ ಮುಂಚೆ ಎತ್ತರದ ಅನುಮತಿ ವಿಚಾರಿಸಿಕೊಳ್ಳಿ. ಚಾಮುಂಡಿ ಬೆಟ್ಟದ ವಿಷಯದಲ್ಲಿ ನಮ್ಮ ಪುಣ್ಯ. ಅದು ನಿಲ್ದಾಣದ ಉತ್ತರಕ್ಕಿದೆ, ರನ್‌ವೇ ಪೂರ್ವ ಪಶ್ಚಿಮವಾಗಿದೆ. ಕಿಟಕಿ ಪಕ್ಕ ಕೂತವರಿಗೆ ಬೆಟ್ಟದ ದರ್ಶನ ಸಿಗುತ್ತೆ, ಪೈಲಟ್ಟಿಗೆ ಬೆಟ್ಟ ಮೂಗಿನ ಮುಂದೆ ಬರೋದಿಲ್ಲ.

ಹೆದ್ದಾರಿಯನ್ನು ರನ್‌ವೇ ಕೆಳಗಿನ ಸುರಂಗದಲ್ಲಿ ಹಾಯಿಸೋಣ ಅನ್ನೋದು ಒಂದು ಯೋಚನೆ. ಸುತ್ತಿಸಿ ಬೇರೆ ಕಡೆಯಿಂದ ಒಯ್ಯೋಣ ಅನ್ನೋದು ಇನ್ನೊಂದು. ಸುರಂಗ ಆಗದ ಕೆಲಸ ಅಲ್ಲ. ದೆಹಲಿಯಲ್ಲಿ 2023ರಿಂದ ವಿಮಾನಗಳು ರಸ್ತೆಯ ಮೇಲಿನ ಸೇತುವೆಯಲ್ಲೇ ಉರುಳಿಕೊಂಡು ಹೋಗ್ತಿವೆ. ಆದರೆ ಖರ್ಚು ಬಹಳ. ರಸ್ತೆ ಸುತ್ತಿಸಿದರೆ ಖರ್ಚು ಕಡಿಮೆ, ಜಮೀನು ಜಾಸ್ತಿ ಬೇಕು. ವಿಸ್ತರಣೆಗೆ ಅಂತ ಗುರುತಿಸಿದ ಜಮೀನು ಸುಮಾರು 240 ಎಕರೆ. ಅದು ಮ್ಯಾಪಿನಲ್ಲಿ ಒಂದು ಬಣ್ಣ, ಅಷ್ಟೇ. ರೈತನಿಗೆ ಅದು ಬೋರ್‌ವೆಲ್, ತೆಂಗಿನ ಮರ, ಮಗಳ ಮದುವೆಯ ಧೈರ್ಯ. ಪರಿಹಾರದ ದುಡ್ಡು ತಡವಾದರೆ ಅಷ್ಟರಲ್ಲಿ ಪಕ್ಕದ ಜಮೀನಿನ ಬೆಲೆ ಎರಡು ಪಟ್ಟು ಆಗಿರುತ್ತೆ. ಕೊಟ್ಟವನು ಅದೇ ಊರಲ್ಲಿ ಒಂದು ಗುಂಟೆ ಕೂಡ ವಾಪಸ್ ಕೊಳ್ಳೋಕಾಗಲ್ಲ. ಅವರಿಗೆ ದುಡ್ಡು ಬೇಗ ಸಿಗಬೇಕು, ಮನೆಗೊಂದು ಕೆಲಸ ಅಂದಿದ್ದು ಕಾಗದದಲ್ಲಿ ಇರಬೇಕು. ಕೊಡುವುದನ್ನು ಕೊಡದೆ ಅವರನ್ನು ಅಭಿವೃದ್ಧಿಗೆ ಅಡ್ಡ ನಿಂತವರು ಅಂತ ಕರೆಯೋದು ನನಗಂತೂ ಸರಿ ಕಾಣೋದಿಲ್ಲ.

ರನ್‌ವೇ ಆದಮೇಲೆ ಅಂತರರಾಷ್ಟ್ರೀಯ ಅನ್ನೋ ಬೋರ್ಡಿಗೆ ಇನ್ನೂ ಕೆಲವು ಬೇಕು. ವಲಸೆ ತಪಾಸಣೆ, ಕಸ್ಟಮ್ಸ್, ಆರೋಗ್ಯ ತಪಾಸಣೆ, ಸಸ್ಯಗಳ ತಪಾಸಣೆ, ಅದಕ್ಕೆಲ್ಲ ಸಿಬ್ಬಂದಿ. ಕೇಂದ್ರ ಸರ್ಕಾರದ ಅಧಿಸೂಚನೆ ಬೇಕು. ಇವು ಫೈಲಿನ ಕೆಲಸ, ಆಗುತ್ತವೆ.

ಒಂದು ವಿಷಯ ಬಹಳ ಜನರ ಗಮನಕ್ಕೆ ಬಂದಿಲ್ಲ. ದೇವನಹಳ್ಳಿ ನಿಲ್ದಾಣ ಕಟ್ಟಿದಾಗ ಆದ ಒಪ್ಪಂದದಲ್ಲಿ ಒಂದು ಷರತ್ತಿದೆ. ಅದು ಶುರುವಾಗಿ 25 ವರ್ಷ ಆಗುವವರೆಗೆ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಮಾಡುವಂತಿಲ್ಲ. ಅದು ಶುರುವಾದದ್ದು 2008ರ ಮೇ ತಿಂಗಳಲ್ಲಿ. ಅಂದರೆ 2033ರವರೆಗೆ. ಆದರೆ ಅದೇ ಷರತ್ತಿನಲ್ಲಿ ಎರಡು ಊರಿಗೆ ಹೆಸರು ಹೇಳಿ ವಿನಾಯಿತಿ ಕೊಟ್ಟಿದ್ದಾರೆ. ಒಂದು ಹಾಸನ, ಇನ್ನೊಂದು ಮೈಸೂರು. ಬೇರೆಯವರಿಗೆ ಮುಚ್ಚಿದ ಬಾಗಿಲು ನಮಗೆ ಮೊದಲಿನಿಂದ ತೆರೆದೇ ಇತ್ತು. ನಾವು ಒಳಗೆ ಹೋಗಲಿಲ್ಲ, ಅಷ್ಟೇ.

2033 ದೂರ ಇಲ್ಲ. ಬೆಂಗಳೂರಿಗೆ ಎರಡನೇ ನಿಲ್ದಾಣ ಬೇಕು ಅಂತ ಕನಕಪುರ ರಸ್ತೆಯಲ್ಲಿ, ನೆಲಮಂಗಲದ ಕಡೆ ಜಾಗ ನೋಡುವ ಕೆಲಸ ನಡೆದಿದೆ. ಕನಕಪುರದ ಕಡೆ ಬಂತು ಅಂದುಕೊಳ್ಳಿ. ಮಂಡ್ಯದವರಿಗೆ ಅದು ಅನುಕೂಲವೇ, ಬೆಂಗಳೂರು ದಾಟುವ ಕಷ್ಟ ತಪ್ಪುತ್ತೆ. ಮದ್ದೂರು, ಮಳವಳ್ಳಿಯವರು ಮಂಡಕಳ್ಳಿ ಕಡೆ ತಿರುಗಿಯೂ ನೋಡಲಿಕ್ಕಿಲ್ಲ. ಆಗ ವಿಮಾನ ಕಂಪನಿಗಳು ಮೈಸೂರಿಗೆ ಯಾಕೆ ಬರಬೇಕು ಅಂತ ಕೇಳಿದರೆ ಉತ್ತರ ಹೇಳೋದು ಈಗಿನದಕ್ಕಿಂತ ಕಷ್ಟ. ಅದಕ್ಕೆ ಮೊದಲೇ ಇಲ್ಲಿಂದ ದೆಹಲಿಗೊಂದು, ಮುಂಬೈಗೊಂದು ಜೆಟ್ ಓಡಾಡಿ ಜನಕ್ಕೆ ರೂಢಿ ಆಗಿರಬೇಕು.

ಹಾಗಾಗಿ ಮಂಡಕಳ್ಳಿಯ ಸುದ್ದಿ ಇನ್ನೊಮ್ಮೆ ಪೇಪರಿನಲ್ಲಿ ಬಂದಾಗ ಟರ್ಮಿನಲ್ಲಿನ ಬಣ್ಣದ ಚಿತ್ರ ಬಿಟ್ಟು ಕೆಳಗಿನ ಸಾಲು ಓದಿ. ಊಟಿ ರಸ್ತೆ ತಿರುಗಿಸುವ ಕೆಲಸಕ್ಕೆ ಟೆಂಡರ್ ಆಯಿತಾ, ರೈತರ ಖಾತೆಗೆ ದುಡ್ಡು ಬಿತ್ತಾ, ಈ ಎರಡು ಇದೆಯಾ ನೋಡಿ. ನಮಸ್ಕಾರ.