ಡಯಲರ್ ಕರೆ ಮಾಡಿತು, ಎತ್ತಿದವರು ಯಾರು? ಶೈತ್ಯಾಗಾರದ ಫೋನ್ ಅಲಾರಂ ಕುರಿತು

ಎಲ್ಲರಿಗೂ ನಮಸ್ಕಾರ. ಕೋಲ್ಡ್ ಸ್ಟೋರೇಜ್ ಮಾಲೀಕರು, ಪ್ಲಾಂಟ್ ಆಪರೇಟರುಗಳು, ಎಲೆಕ್ಟ್ರೀಷಿಯನ್ನರು ಒಟ್ಟಿಗೆ ಕೂತಿದ್ದೀರಿ. ನೇರವಾಗಿ ವಿಷಯಕ್ಕೇ ಬರುತ್ತೇನೆ.

ಮೆಣಸಿನಕಾಯಿ ಚೀಲ ತುಂಬಿದ, ಅಮೋನಿಯಾ ಗ್ಯಾಸಿನಿಂದ ತಂಪಾಗುವ ಒಂದು ಚೇಂಬರ್ ಇಟ್ಟುಕೊಳ್ಳೋಣ. ಬ್ಯಾಡಗಿಯ ಸುತ್ತ ಇಂಥವು ಬೇಕಾದಷ್ಟಿವೆ. ಒಳಗೆ 5 ಡಿಗ್ರಿ ಇರಬೇಕು. ಗೋಡೆಯ ಮೇಲೆ ಸಿಮ್ ಹಾಕಿದ ಆಟೋ ಡಯಲರ್ ಇದೆ. ತಾಪಮಾನ ಏರಿದರೆ, ಕರೆಂಟ್ ಹೋದರೆ, ಕಂಪ್ರೆಸರ್ ಟ್ರಿಪ್ ಆಗಿ ನಿಂತರೆ ಅದು ಪಟ್ಟಿಯಲ್ಲಿರುವ ನಂಬರುಗಳಿಗೆ ಒಂದೊಂದಾಗಿ ಕರೆ ಮಾಡಿ, ರೆಕಾರ್ಡ್ ಮಾಡಿದ ಮಾತನ್ನು ಕೇಳಿಸುತ್ತದೆ. ಕೇಳಿದವರು ಕೋಡ್ ಒತ್ತಿ 'ಗೊತ್ತಾಯಿತು' ಎಂದು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ನಂಬರಿಗೆ ಹೋಗುತ್ತದೆ.

ಕೋಡ್ ಒತ್ತುವ ಈ ಕೆಲಸ ಬೇಡವೆಂದು ಸೆಟ್ಟಿಂಗಿನಲ್ಲಿ ತೆಗೆಸಿಬಿಡುವವರಿದ್ದಾರೆ. ಅಲ್ಲಿಗೆ ಅಲಾರಂ ಇದ್ದೂ ಇಲ್ಲದಂತೆ. ಹಲವು ಡಯಲರುಗಳು ಆ ಕಡೆಯಿಂದ ಯಾವುದಾದರೂ ಧ್ವನಿ ಬಂದರೆ ಸಾಕು, ಕರೆ ಎತ್ತಿದ್ದಾರೆ ಎಂದು ಎಣಿಸುತ್ತವೆ. ಮ್ಯಾನೇಜರರ ಫೋನಿನಲ್ಲಿ ಕಾಲರ್ ಟ್ಯೂನ್ ಇದೆ ಎನ್ನಿ. ಫೋನ್ ಇನ್ನೂ ರಿಂಗಾಗುತ್ತಿರುವಾಗಲೇ ಯಂತ್ರ ಆ ಹಾಡಿಗೆ 'ಎರಡನೇ ಚೇಂಬರ್, ತಾಪಮಾನ ಹೆಚ್ಚಾಗಿದೆ' ಎಂದು ಹೇಳಿ ಮುಗಿಸಿ ಕಟ್ ಮಾಡುತ್ತದೆ. ಫೋನ್ ಸ್ವಿಚ್ ಆಫ್ ಆಗಿದ್ದರೆ ಕಂಪನಿಯ ಪ್ರಕಟಣೆಗೂ ಅದೇ ಮಾತು. ಲಾಗ್ ನೋಡಿದರೆ 'ಕರೆ ಯಶಸ್ವಿ' ಎಂದಿರುತ್ತದೆ! ಆದ್ದರಿಂದ ಕೋಡ್ ಕಡ್ಡಾಯವಾಗಿರಲಿ, ಪಟ್ಟಿಯಲ್ಲಿರುವವರು ಕಾಲರ್ ಟ್ಯೂನ್ ತೆಗೆಸಲಿ, ಸಂದೇಶ ಮೂರು ಸಲವಾದರೂ ಪುನರಾವರ್ತನೆಯಾಗಲಿ. ಡಯಲರಿನ ನಂಬರನ್ನು ಎಲ್ಲರೂ ಹೆಸರು ಹಾಕಿ ಸೇವ್ ಮಾಡಿಕೊಂಡು, ರಾತ್ರಿ ಸೈಲೆಂಟ್ ಇದ್ದರೂ ಆ ಒಂದು ನಂಬರ್ ರಿಂಗಾಗುವಂತೆ ಇಟ್ಟುಕೊಳ್ಳಬೇಕು.

ಒಂದು ಲೆಕ್ಕ ಮಾಡೋಣ. ಒಂದು ಕರೆಗೆ, ರಿಂಗು ಮಾತು ಎಲ್ಲ ಸೇರಿ, ಸುಮಾರು 1 ನಿಮಿಷ. ಎರಡು ಕರೆಗಳ ನಡುವೆ ಇನ್ನೊಂದು ನಿಮಿಷ ಬಿಡುವು ಬೇಕು, ಯಾಕೆಂದರೆ ಮಿಸ್ಡ್ ಕಾಲ್ ನೋಡಿದವರು ವಾಪಸ್ ಮಾಡುವಾಗ ಲೈನ್ ಬಿಜಿ ಬರಬಾರದು. 4 ನಂಬರಿದ್ದರೆ ಒಂದು ಸುತ್ತಿಗೆ 8 ನಿಮಿಷ. ತಾಪಮಾನದ ಮಟ್ಟಿಗೆ ಇದು ಏನೇನೂ ಅಲ್ಲ. ತುಂಬಿದ ಚೇಂಬರಿನ ಸರಕು ಅಷ್ಟರಲ್ಲಿ ಬಿಸಿಯಾಗುವುದಿಲ್ಲ. ಅಮೋನಿಯಾ ಸೋರಿಕೆಗೆ ಮಾತ್ರ 8 ನಿಮಿಷ ತೀರಾ ತಡ. ಹಾಗಾಗಿ ಗ್ಯಾಸ್ ಸೆನ್ಸರ್ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ತೋರಿಸಿದ ಕೂಡಲೇ ಹೂಟರ್ ಮತ್ತು ಎಕ್ಸಾಸ್ಟ್ ಫ್ಯಾನ್ ಸ್ಥಳದಲ್ಲೇ ತಾನಾಗಿ ಚಾಲೂ ಆಗಬೇಕು. ಫೋನ್ ಕರೆ ಅದರ ಜೊತೆಗೆ ಹೋಗುವ ಸುದ್ದಿ ಅಷ್ಟೇ. ಆ ಸಂದೇಶದಲ್ಲಿ 'ಒಬ್ಬರೇ ಒಳಗೆ ಹೋಗಬೇಡಿ' ಎಂಬ ಮಾತೂ ಇರಲಿ. 300 ಪಿಪಿಎಂ ಎಂದರೆ ಜೀವಕ್ಕೇ ಅಪಾಯ.

ಇನ್ನು ವಿಳಂಬದ ಸೆಟ್ಟಿಂಗ್, ಅಂದರೆ ಸ್ಥಿತಿ ಎಷ್ಟು ಹೊತ್ತು ಕೆಟ್ಟಿದ್ದರೆ ಅಲಾರಂ ಎನ್ನಬೇಕು ಎಂಬುದು. ಎಲ್ಲದಕ್ಕೂ ಒಂದೇ ಅಂಕಿ ಕೊಟ್ಟರೆ ಕೆಟ್ಟಿತು. ಕರೆಂಟ್ ಹೋದದ್ದಕ್ಕೆ 5 ನಿಮಿಷ ಕೊಡಿ, ಜನರೇಟರ್ ಅಷ್ಟರಲ್ಲಿ ಲೋಡ್ ತೆಗೆದುಕೊಂಡಿರುತ್ತದೆ. ತಾಪಮಾನಕ್ಕೆ ಮಿತಿ 8 ಡಿಗ್ರಿ, ವಿಳಂಬ 30 ನಿಮಿಷ. ಡಿಫ್ರಾಸ್ಟ್ ಆಗುವಾಗ, ಅಂದರೆ ಕಾಯಿಲ್ ಮೇಲಿನ ಹಿಮ ಕರಗಿಸುವಾಗ, ಲಾರಿ ನಿಂತು ಬಾಗಿಲು ತೆರೆದಿದ್ದಾಗ ಗಾಳಿಯ ತಾಪಮಾನ ಏರಿ ಮತ್ತೆ ಇಳಿಯುವುದು ಸಹಜ. ಗ್ಯಾಸಿಗೆ ಸೊನ್ನೆ. ಸೆನ್ಸರನ್ನು ಬಾಗಿಲ ಬಳಿ ಕಟ್ಟಿ, ಆಮೇಲೆ 'ಸುಮ್ಮಸುಮ್ಮನೆ ಫೋನ್ ಬರುತ್ತದೆ' ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಒಂದು ವಾರ ಹೀಗೆ ಸುಳ್ಳು ಕರೆ ಬಂದರೆ ಎಂಟನೇ ದಿನ ಆಪರೇಟರ್ ಮಲಗಿದಲ್ಲೇ ಕೋಡ್ ಒತ್ತಿ ಮಗ್ಗಲು ಬದಲಿಸುತ್ತಾನೆ. ಅದಕ್ಕಾಗಿಯೇ, ಒಪ್ಪಿಕೊಂಡ ಮೇಲೂ ಸ್ಥಿತಿ ಸರಿಹೋಗದಿದ್ದರೆ 60 ನಿಮಿಷಕ್ಕೆ ಮತ್ತೆ ಕರೆ ಬರುವಂತೆ ಹಾಕಿ.

ಲೋಡಿಂಗ್ ದಿನ ಕಿರಿಕಿರಿ ಎಂದು ಡಯಲರಿನಲ್ಲಿ ತಾಪಮಾನದ ಇನ್‌ಪುಟ್ಟನ್ನೇ ಆಫ್ ಮಾಡುತ್ತಾರಲ್ಲ, ಅದನ್ನು ಬಿಟ್ಟುಬಿಡಿ. ಆನ್ ಮಾಡಲು ಯಾರಿಗೂ ನೆನಪಿರುವುದಿಲ್ಲ. ಅದರ ಬದಲು ವಿಳಂಬವನ್ನು 90 ನಿಮಿಷಕ್ಕೆ ಏರಿಸಿ. ವಾಪಸ್ ಇಳಿಸಲು ಮರೆತರೂ ಅಲಾರಂ ಸತ್ತಿರುವುದಿಲ್ಲ.

ವೈರಿಂಗಿನಲ್ಲಿ ಎರಡು ಮಾತು. ಕಂಪ್ರೆಸರ್ ಟ್ರಿಪ್, ಗ್ಯಾಸ್ ರಿಲೇಗಳನ್ನು ಮಾಮೂಲು ಸ್ಥಿತಿಯಲ್ಲಿ ಸರ್ಕ್ಯೂಟ್ ಮುಚ್ಚಿರುವಂತೆ ಜೋಡಿಸಿ. ಇಲಿ ವೈರ್ ಕಡಿದರೂ ಕರೆ ಬರುತ್ತದೆ. ಎರಡನೆಯದು, ತಾಪಮಾನ ಅಳೆಯುವ ಸೆನ್ಸರ್ ಆದ 10 ಕಿಲೋ ಓಮ್ ಥರ್ಮಿಸ್ಟರ್ ತಂಪಾದಷ್ಟೂ ಅದರ ರೋಧ ಹೆಚ್ಚುತ್ತದೆ, 0 ಡಿಗ್ರಿಯಲ್ಲಿ ಸುಮಾರು 33 ಕಿಲೋ ಓಮ್. ವೈರ್ ತುಂಡಾದರೆ ರೋಧ ಅನಂತ, ಯಂತ್ರಕ್ಕೆ ಅದು ವಿಪರೀತ ಚಳಿಯಂತೆ ಕಾಣುತ್ತದೆ. ಮೇಲಿನ ಮಿತಿಯನ್ನಷ್ಟೇ ಹಾಕಿದವರಿಗೆ ಸೆನ್ಸರ್ ಸತ್ತದ್ದು ತಿಳಿಯುವುದೇ ಇಲ್ಲ. ಕೆಳಗಿನ ಮಿತಿಯೂ ಇರಬೇಕು, ಸೊನ್ನೆ ಡಿಗ್ರಿ ಸಾಕು.

ಬ್ಯಾಟರಿಯನ್ನು ಪರೀಕ್ಷಿಸುವಾಗ ದೀಪ ಉರಿಯುವುದನ್ನು ನೋಡಿ ಬಿಡಬೇಡಿ. 2ಜಿ ಮಾಡ್ಯೂಲ್ ಸಿಗ್ನಲ್ ಕಳಿಸುವ ಕ್ಷಣದಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಹಳೆಯ ಬ್ಯಾಟರಿ ಆಗ ಕುಸಿದು ಯಂತ್ರ ರೀಸ್ಟಾರ್ಟ್ ಆಗುತ್ತದೆ, ಮತ್ತೆ ಡಯಲ್ ಮಾಡುತ್ತದೆ, ಮತ್ತೆ ಕುಸಿಯುತ್ತದೆ. ತಿಂಗಳಿಗೊಮ್ಮೆ ಅಡಾಪ್ಟರ್ ಕಿತ್ತು, 1 ಗಂಟೆ ಬಿಟ್ಟು, ಆಮೇಲೆ ನಿಜವಾದ ಅಲಾರಂ ಬರಿಸಿ, ಕೊನೆಯ ನಂಬರಿನವರೆಗೂ ಕರೆ ಹೋಗುವುದನ್ನು ನೋಡಿ. ಯಾರೂ ಕೋಡ್ ಒತ್ತಬಾರದು.

ಸಿಮ್ ವಿಷಯ. ಜಿಯೋಗೆ 2ಜಿ ಜಾಲವಿಲ್ಲ, ಹಳೆಯ 2ಜಿ ಡಯಲರಿನಲ್ಲಿ ಆ ಸಿಮ್ ನಡೆಯದು. ರೀಚಾರ್ಜ್ ಅವಧಿ ಮುಗಿದರೆ ಹೊರಹೋಗುವ ಕರೆ ನಿಲ್ಲುತ್ತದೆ, ಯಂತ್ರ ಮಾತ್ರ ಹಸಿರು ದೀಪ ತೋರಿಸುತ್ತಲೇ ಇರುತ್ತದೆ. ಪ್ರತಿದಿನ ಬೆಳಿಗ್ಗೆ 8ಕ್ಕೆ ಡಯಲರಿನಿಂದ ಒಂದು ಎಸ್‌ಎಂಎಸ್ ಬರುವಂತೆ ಹಾಕಿ, ಅದು ಬಂತೇ ಎಂದು ನೋಡುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆಯಿರಿ. 8.30ರೊಳಗೆ ಬರದಿದ್ದರೆ ಅವರೇ ಪ್ಲಾಂಟಿಗೆ ಫೋನ್ ಮಾಡಬೇಕು.